ಸೊನ್ನದಾಗ ಬಿಟ್ಟ ನೀರು, ನಮ್ಮೂರ ಮೆಟ್ಟಿಲು

ಆಯಿಯ ಮನೆಯ ತಲೆಬಾಗಿಲ ಚೌಕಟ್ಟಿನಲ್ಲಿ ಎರಡು ಮೊಳೆಗಳಿವೆ. ಕೆಳಗಿನದು ಮುತ್ಯಾನ ಕಾಲದ್ದು, ತುಕ್ಕು ಹಿಡಿದು ಕಟ್ಟಿಗೆಯ ಬಣ್ಣಕ್ಕೇ ತಿರುಗಿದೆ. ಯಾವ ವರ್ಷದ್ದೆಂದು ಯಾರಿಗೂ ನೆನಪಿಲ್ಲ. ಮೇಲಿನದು 2020ರದ್ದು. ಆ ಅಕ್ಟೋಬರಿನಲ್ಲಿ ಭೀಮಾ ಹೊಳೆ ಊರೊಳಗೆ ಬಂದು ಇಳಿದ ಮೇಲೆ, ಗೋಡೆ ತೊಳೆಯುವುದಕ್ಕಿಂತ ಮುಂಚೆ, ಕೆಸರಿನ ಗೆರೆ ಎಲ್ಲಿತ್ತೋ ಅಲ್ಲಿ ಮಾವ ಹೊಡೆದದ್ದು. ಅದು ನನ್ನ ಎದೆಮಟ್ಟಕ್ಕೆ ಬರುತ್ತದೆ.

ಊರು ಜೇವರ್ಗಿ ತಾಲೂಕಿನಲ್ಲಿದೆ, ಭೀಮಾ ದಂಡೆಗೆ. ಅಮ್ಮನ ತವರು. ನಾನು ಬೆಳೆದದ್ದು, ಓದಿದ್ದು ಕಲಬುರಗಿಯಲ್ಲಿ. 2024ರ ಆಗಸ್ಟಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾಲ್ವರ ತಂಡ ಮಾಡಿಕೊಳ್ಳಿ ಎಂದಾಗ ಕಾಂಕ್ರೀಟಿಗೆ ಹಾರುಬೂದಿ ಬೆರೆಸಿ ಕ್ಯೂಬ್ ಒಡೆಯುವ ವಿಷಯವೇ ಎಲ್ಲರ ಬಾಯಲ್ಲಿತ್ತು. ನಾನು ಮೊಳೆಯ ಮಾತು ತೆಗೆದೆ. ಉಳಿದ ಮೂವರೂ ಬೇರೆ ಬೇರೆ ನೀರು ಕಂಡವರು. ಸೇಡಂ ಹುಡುಗ ಕಾಗಿಣಾ ಏರಿ ಮಳಖೇಡದ ಮಠದೊಳಗೆ ನೀರು ಹೊಕ್ಕಿದ್ದನ್ನು ನೋಡಿದ್ದ. ಚಿಂಚೋಳಿಯ ಗೆಳತಿಗೆ ಮುಲ್ಲಾಮಾರಿ ಗೊತ್ತು. ಶಹಾಪುರದವನ ಊರ ಕಡೆ ಬಸವಸಾಗರದಿಂದ ನೀರು ಬಿಟ್ಟಾಗಲೆಲ್ಲ ಕೃಷ್ಣೆಯ ಮೇಲಿನ ಕೊಳ್ಳೂರು ಸೇತುವೆಯದ್ದೇ ಸುದ್ದಿ. ಹಾಗಾಗಿ ವಿಷಯ ಒಪ್ಪಿಸಲು ನಾನು ಕಷ್ಟಪಡಬೇಕಾಗಲಿಲ್ಲ. ಒಂದು ಊರು, ಒಂದು ಪ್ರವಾಹ ನಕ್ಷೆ, ಒಂದು ತುರ್ತು ಯೋಜನೆ. ಗೈಡ್ ಮೇಡಂ ಒಂದೇ ಪ್ರಶ್ನೆ ಕೇಳಿದರು: "ರಿಪೋರ್ಟ್ ಲೈಬ್ರರಿಗೆ ಹೋಗ್ತದ. ಊರಿಗೆ ಏನ್ ಹೋಗ್ತದ?" ಅದಕ್ಕೆ ಉತ್ತರ ಸಿಗಲು ನಮಗೆ ಏಳು ತಿಂಗಳು ಹಿಡಿಯಿತು.

ಮೊದಲ ಎರಡು ತಿಂಗಳು ಕಂಪ್ಯೂಟರ್ ಮುಂದೆಯೇ ಕಳೆದೆವು. ಉಪಗ್ರಹದ ಎತ್ತರದ ದತ್ತಾಂಶ ಪುಕ್ಕಟೆ ಸಿಗುತ್ತದೆ, ಅದನ್ನು ನಕ್ಷೆಯಾಗಿ ಬಿಡಿಸುವ ಕ್ಯೂಜಿಐಎಸ್ ತಂತ್ರಾಂಶವೂ ಪುಕ್ಕಟೆ. 2020ರ ಅಕ್ಟೋಬರಿನ ಸೆಂಟಿನೆಲ್ ರಾಡಾರ್ ಚಿತ್ರಗಳನ್ನೂ ಇಳಿಸಿಕೊಂಡೆವು. ಅದು ಮೋಡದ ಮೂಲಕವೂ ನೆಲ ನೋಡಬಲ್ಲ ಉಪಗ್ರಹ. ನೀರು ನಿಂತ ಜಾಗ ಅದರಲ್ಲಿ ಕಪ್ಪಗೆ ಕಾಣುತ್ತದೆ. ಅಫಜಲಪುರದಿಂದ ಯಾದಗಿರಿವರೆಗೆ ಹೊಳೆಯ ಎರಡೂ ದಂಡೆಗೆ ಹರಡಿಕೊಂಡ ಆ ಕಪ್ಪನ್ನು ಮೊದಲ ಸಲ ನೋಡಿದಾಗ ನಾಲ್ವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಪ್ಪು ಇದ್ದಲ್ಲೆಲ್ಲ ತೊಗರಿ ಇತ್ತು, ಹತ್ತಿ ಇತ್ತು.

ನಕ್ಷೆ ಚೆಂದ ಬಂತು. ಕೆಂಪು, ಕಿತ್ತಳೆ, ಹಳದಿ ಬಣ್ಣ ತುಂಬಿ ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿಕೊಂಡು ನವೆಂಬರಿನ ಒಂದು ಭಾನುವಾರ ಊರಿಗೆ ಹೋದೆವು. ಹನುಮಪ್ಪನ ಗುಡಿಯ ಕಟ್ಟೆ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟೆವು. ಹತ್ತು ಹದಿನೈದು ಜನ ಕೂಡಿದರು. ಅಂಬಿಗರ ಕಾಕಾ ಒಬ್ಬರು, ತೆಪ್ಪ ಹಾಕುತ್ತಿದ್ದವರು, ಬಹಳ ಹೊತ್ತು ಬಗ್ಗಿ ನೋಡಿದರು. ನಾವು ಕೆಂಪು ಬಳಿದಿದ್ದ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ ನೀರ್ ಬಂದಿಲ್ಲ" ಅಂದರು. ಬಿಳಿ ಬಿಟ್ಟಿದ್ದ ಓಣಿಯ ಮೇಲೆ ಬೆರಳಿಟ್ಟು, "ಇಲ್ಲಿ ಎದಿಮಟ ನಿಂತಿತ್ತು" ಅಂದರು. ಆಮೇಲೆ ನಾವು ಬಿಡಿಸಿದ ಬಾಣಗಳನ್ನು ನೋಡಿ ಕೇಳಿದರು: "ಇವು ಏನ್ ತಂಗಿ?" ಹೊಳೆಯಿಂದ ಊರಿಗೆ ನೀರು ಬರುವ ದಾರಿ ಅಂದೆ.

"ನೀರು ಮೊದಲ ಹೊಳಿ ಕಡಿಂದ ಬರಲ್ಲ ತಂಗಿ. ಬೆನ್ನ ಹಿಂದಿಂದ ಬರ್ತದ, ಹಳ್ಳದಾಗಿಂದ."

ನಮ್ಮ ಪ್ರಾಜೆಕ್ಟು ಶುರುವಾದದ್ದು ಆ ಮಾತಿನಿಂದ ಎಂದೇ ನಾನು ಈಗಲೂ ಎಣಿಸುತ್ತೇನೆ.

ಕಾಕಾ ಹೇಳಿದ್ದರ ಅರ್ಥ ಇಷ್ಟು. ಊರಿನ ಹಿಂದೆ ಒಂದು ಹಳ್ಳವಿದೆ, ಬೇಸಿಗೆಯಲ್ಲಿ ಹಾರಿ ದಾಟುವಂಥದ್ದು. ಅದು ಊರಿನ ಕೆಳಗೆ ಹೋಗಿ ಭೀಮೆಗೆ ಸೇರುತ್ತದೆ. ಹೊಳೆ ಏರಿದಾಗ ಹಳ್ಳದ ನೀರಿಗೆ ಸೇರಲು ಜಾಗವಿಲ್ಲ, ಮೇಲಾಗಿ ಹೊಳೆಯ ನೀರೇ ಹಳ್ಳದೊಳಗೆ ಹಿಂದಕ್ಕೆ ಒತ್ತಿಕೊಂಡು ಬರುತ್ತದೆ. ಊರಿಂದ ಡಾಂಬರ್ ರಸ್ತೆಗೆ ಹೋಗುವ ದಾರಿ ಆ ಹಳ್ಳದ ಸಣ್ಣ ಸೇತುವೆಯ ಮೇಲೆಯೇ ಇದೆ. ಹೊಳೆ ದಂಡೆಯ ಮನೆಗಳ ಅಂಗಳ ಇನ್ನೂ ಒಣಗಿರುವಾಗಲೇ ಹಿಂದಿನ ದಾರಿ ಮುಳುಗಿರುತ್ತದೆ. ಹೊಳೆ ನೋಡುತ್ತ ಕೂತವರಿಗೆ ಅದು ಗೊತ್ತಾಗುವುದಿಲ್ಲ.

2020ರಲ್ಲಿ ನಮ್ಮ ಮನೆಯಲ್ಲಿ ಆದದ್ದು ಇದೇ. ನೀರು ಮೊದಲ ಮೆಟ್ಟಿಲಿಗೆ ಬಂದಾಗ ಮಾವ ಟ್ರ್ಯಾಕ್ಟರ್ ಚಾಲೂ ಮಾಡಿದ್ದ, ಸೇತುವೆಗೆ ಹೋಗಿ ನೋಡಿದರೆ ಸೇತುವೆಯ ಕಂಬಿಯೂ ಕಾಣುತ್ತಿರಲಿಲ್ಲ. ಎರೆ ಹೊಲದಲ್ಲಿ ಇಳಿಸಿದ. ನೆಂದ ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು ನೂರು ಹೆಜ್ಜೆಗೇ ಟ್ರ್ಯಾಕ್ಟರ್ ಹೂತಿತು. ಕತ್ತಲಲ್ಲಿ ಆಯಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ದಿಬ್ಬ ಹತ್ತಿದ. ಅಷ್ಟು ತಡವಾಗಲು ಕಾರಣ ಆಯಿಯ ಎಮ್ಮೆ. "ಎಮ್ಮಿ ಬಿಟ್ಟು ನಾ ಬರಲ್ಲ" ಎಂದು ಮಧ್ಯಾಹ್ನದಿಂದ ಹಟ ಹಿಡಿದು ಕೂತಿದ್ದಳು. ಈ ಕಥೆಯನ್ನು ನಾನು ಎಷ್ಟೋ ಸಲ ಕೇಳಿದ್ದೆ, ಆದರೆ ಅದರಲ್ಲಿ ಸೇತುವೆಯ ಎತ್ತರ ಇದೆ ಎಂದು ಹೊಳೆದದ್ದು ಅವತ್ತು.

ವಾಪಸ್ ಬಂದು ನಕ್ಷೆ ಯಾಕೆ ತಪ್ಪಿತು ಎಂದು ಹುಡುಕಿದೆವು. ಆ ಉಪಗ್ರಹ ದತ್ತಾಂಶದಲ್ಲಿ ಒಂದೊಂದು ಚೌಕ ಮೂವತ್ತು ಮೀಟರಿನದು. ಒಂದು ಓಣಿಯೇ ಒಂದು ಚೌಕದಲ್ಲಿ ಮುಗಿದುಹೋಗುತ್ತದೆ. ಎತ್ತರದಲ್ಲಿ ಕೆಲವು ಮೀಟರ್ ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಬೇವಿನ ಮರದ ತಲೆಯನ್ನೂ ಮಾಳಿಗೆಯನ್ನೂ ಸೇರಿಸಿ ನೆಲ ಎಂದು ಓದಿರುತ್ತದೆ. ಇಡೀ ಜಿಲ್ಲೆಗೆ ಅದು ಸಾಕು. ನಮ್ಮೂರಿನಲ್ಲಿ ಅತಿ ತಗ್ಗಿನ ಮನೆಗೂ ಹನುಮಪ್ಪನ ಕಟ್ಟೆಗೂ ಇರುವ ಅಂತರ ನಾಲ್ಕು ಮೀಟರೂ ಇಲ್ಲ. ಗೇಣು ಲೆಕ್ಕದಲ್ಲಿ ಅಳೆಯಬೇಕಾದ್ದನ್ನು ಮಾರು ಲೆಕ್ಕದಲ್ಲಿ ಅಳೆದಿದ್ದೆವು.

ಕಾಲೇಜಿನ ಸರ್ವೇ ಲ್ಯಾಬಿನಿಂದ ಎತ್ತರದ ವ್ಯತ್ಯಾಸ ಅಳೆಯುವ ಆಟೋ ಲೆವೆಲ್, ಅದರಲ್ಲಿ ನೋಡಿ ಓದುವ ಅಳತೆಗೋಲು ಸ್ಟಾಫ್ ಪಡೆದು ಡಿಸೆಂಬರಿನಲ್ಲಿ ಮತ್ತೆ ಹೋದೆವು. ಹೊಲದಲ್ಲಿ ತೊಗರಿ ಕೊಯ್ಲು ನಡೆದಿತ್ತು, ಊರಲ್ಲಿ ಹಗಲು ಜನ ಸಿಗುವುದೇ ಕಷ್ಟ. ಗುಡಿಯ ಕಟ್ಟೆಯ ಫರ್ಸಿಯನ್ನೇ (ಹಾಸುಗಲ್ಲು) ಬೆಂಚ್ ಮಾರ್ಕ್, ಅಂದರೆ ಅಳತೆಯ ಆಧಾರ, ಮಾಡಿ ಅದಕ್ಕೆ ನೂರು ಮೀಟರ್ ಎಂದು ಹೆಸರಿಟ್ಟೆವು. ಮೊದಲ ದಿನ ಊರು ಸುತ್ತಿ ಮತ್ತೆ ಕಟ್ಟೆಗೆ ಬಂದು ಓದಿದರೆ ಒಂಬತ್ತು ಸೆಂಟಿಮೀಟರ್ ತಪ್ಪು. ಎಲ್ಲ ಹೊಡೆದುಹಾಕಿದೆವು. ತಪ್ಪು ಸಿಕ್ಕಿದ್ದು ಸಂಜೆ: ಟ್ರೈಪಾಡಿನ ಕಾಲು ಎರೆ ಮಣ್ಣಿನಲ್ಲಿ, ನಾವು ಓದುತ್ತ ನಿಂತಷ್ಟು ಹೊತ್ತೂ, ಮೆಲ್ಲಗೆ ಇಳಿಯುತ್ತಿತ್ತು. ಮರುದಿನ ಮಾವ ಮೂರು ಶಹಾಬಾದ್ ಫರ್ಸಿ ತುಂಡು ಕೊಟ್ಟ. ಹೋದಲ್ಲೆಲ್ಲ ಅವನ್ನು ಹೊತ್ತು, ಕಾಲಡಿಗೆ ಇಟ್ಟುಕೊಂಡೆವು.

ಸ್ಟಾಫ್ ಹಿಡಿಯಲು ಏಳನೇ ಕ್ಲಾಸಿನ ಹುಡುಗನೊಬ್ಬ ಬಂದ. ಶಾಲೆ ರಜೆ ಇತ್ತು. ಸ್ಟಾಫನ್ನು ನೇರ ಹಿಡಿ ಎಂದರೆ ಯಾರಿಗೂ ಬರುವುದಿಲ್ಲ, ಗಾಳಿಗೆ ವಾಲುತ್ತದೆ. ಅದಕ್ಕೆ ಒಂದು ಉಪಾಯವಿದೆ: ಮೆಲ್ಲಗೆ ಹಿಂದಕ್ಕೆ ಮುಂದಕ್ಕೆ ತೂಗಬೇಕು, ನೋಡುವವರು ಕಂಡ ಓದುಗಳಲ್ಲಿ ಅತಿ ಕಡಿಮೆಯದನ್ನು ಬರೆದುಕೊಳ್ಳಬೇಕು. ನೇರ ನಿಂತ ಕ್ಷಣದಲ್ಲಿ ಮಾತ್ರ ಆ ಓದು ಬರುತ್ತದೆ. ಹುಡುಗ ಒಂದೇ ಸಲಕ್ಕೆ ಕಲಿತ. ತೊಟ್ಟಿಲು ತೂಗಿದಂತೆ ತೂಗುತ್ತಿದ್ದ, ನಾನು "ಸಾಕು" ಅನ್ನುವವರೆಗೆ ನಿಲ್ಲಿಸುತ್ತಿರಲಿಲ್ಲ. ಪ್ರತಿ ಮನೆಯ ಹೊಸ್ತಿಲ ಮೇಲೆ, ಅಂಗನವಾಡಿ ಮೆಟ್ಟಿಲ ಮೇಲೆ, ಜೆಸ್ಕಾಂನ ಕರೆಂಟ್ ಟ್ರಾನ್ಸ್‌ಫಾರ್ಮರ್ (ಟಿಸಿ) ಕಟ್ಟೆ ಮೇಲೆ, ಶಾಲೆಯ ವರಾಂಡದಲ್ಲಿ, ಕುಡಿಯುವ ನೀರಿನ ಬೋರಿನ ಬಾಯಿಗೆ ಅವನು ಸ್ಟಾಫ್ ಇಟ್ಟ. ಕೊನೆಗೆ ಹಳ್ಳದ ಸೇತುವೆಗೆ ಹೋದೆವು. ಅವತ್ತು ಸಂಜೆ ಕಟ್ಟೆಗೆ ವಾಪಸ್ ಬಂದಾಗ ತಪ್ಪು ಒಂದು ಸೆಂಟಿಮೀಟರೂ ಇರಲಿಲ್ಲ.

ರಾತ್ರಿ ಆಯಿಯ ಮನೆಯಲ್ಲಿ ರೊಟ್ಟಿ ತಿಂದು ಲೆಕ್ಕ ಹಾಕಿದೆವು. ಸೇತುವೆಯ ಮೇಲ್ಮೈ ಆಯಿಯ ಹೊಸ್ತಿಲಿಗಿಂತ ಒಂದೂವರೆ ಮೀಟರ್ ಕೆಳಗಿತ್ತು. ನಮ್ಮ ಮೆಟ್ಟಿಲಿಗೆ ನೀರು ಬಂದಿತೆಂದರೆ ದಾರಿಯಲ್ಲಿ ಎದೆಮಟ್ಟ ನೀರು ನಿಂತು ಬಹಳ ಹೊತ್ತಾಗಿರುತ್ತದೆ. ಶಾಲೆಯ ವರಾಂಡ ಕೂಡ ನಮ್ಮ ಹೊಸ್ತಿಲಿಗಿಂತ ತಗ್ಗು. ಒಂದು ಕಚೇರಿಯಲ್ಲಿ ನಮಗೆ ಸಿಕ್ಕ ಹಳೆಯ ತುರ್ತು ಯೋಜನೆಯ ಪ್ರತಿಯಲ್ಲಿ ಈ ಊರಿಗೆ ಕಾಳಜಿ ಕೇಂದ್ರ, ಅಂದರೆ ನೆರೆ ಬಂದಾಗ ಜನ ಹೋಗಿ ಉಳಿಯುವ ಜಾಗ, ಎಂದು ಬರೆದದ್ದು ಅದೇ ಶಾಲೆಯನ್ನು. ಅದರಲ್ಲಿದ್ದ ಫೋನ್ ನಂಬರ್‌ಗಳಲ್ಲಿ ಕೆಲವು ಹತ್ತಲಿಲ್ಲ, ಒಂದನ್ನು ಬೇರೆ ಜಿಲ್ಲೆಯ ಯಾರೋ ಎತ್ತಿದರು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಯೋಜನೆ ಇರಬೇಕು, ಅದನ್ನು ವರ್ಷವರ್ಷ ಪರಿಷ್ಕರಿಸಬೇಕು. ಆ ಹಾಳೆ ಕೈಯಲ್ಲಿ ಹಿಡಿದು ಶಾಲೆಯ ವರಾಂಡ ನೋಡುವಾಗ ನನಗೆ ಸಿಟ್ಟು ಬಂದಿತ್ತು. 2020ರಲ್ಲಿ ಆ ವರಾಂಡದಲ್ಲಿ ಬೆಂಚುಗಳು ತೇಲಾಡಿದ್ದನ್ನು ಊರೆಲ್ಲ ನೋಡಿತ್ತು.

ಎತ್ತರ ಸಿಕ್ಕಿತು, ಇನ್ನು ಹೊತ್ತು ಬೇಕಿತ್ತು.

ಭೀಮೆ ಕಲಬುರಗಿ ಜಿಲ್ಲೆಗೆ ಬರುವ ಮುಂಚೆ ಬಹಳ ಕಡೆಯ ನೀರು ಸೇರಿಸಿಕೊಂಡು ಬರುತ್ತದೆ. ಸೋಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿನಲ್ಲೇ 117 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತದೆ. ವೀರ್ ಅಣೆಕಟ್ಟಿನಿಂದ ನೀರಾ ನದಿ, ಪಂಢರಪುರ ದಾಟಿದ ಮೇಲೆ ಸೀನಾ, ಆಮೇಲೆ ಬೋರಿ, ಎಲ್ಲ ಕೂಡಿ ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜಿಗೆ ಬರುತ್ತವೆ. ಟಿವಿಯಲ್ಲಿ "ಸೊನ್ನದಿಂದ ಇಷ್ಟು ಲಕ್ಷ ಕ್ಯೂಸೆಕ್" ಎಂದು ಓಡುವುದು ಇದನ್ನೇ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದಾಜು ಇಪ್ಪತ್ತೆಂಟು ಲೀಟರ್, ಎರಡು ಕೊಡ. 2020ರಲ್ಲಿ ಸೊನ್ನದಲ್ಲಿ ಅದು ಎಂಟು ಲಕ್ಷದ ಆಸುಪಾಸಿಗೆ ಹೋಗಿತ್ತು. ಊರಿನವರು ಈ ಅಂಕಿ ಕೇಳುತ್ತಾರೆ, ಹೆದರುತ್ತಾರೆ, ಆದರೆ ಅದು ತಮ್ಮ ಯಾವ ಮೆಟ್ಟಿಲಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಅದು ಹೇಳುವುದಿಲ್ಲ. "ಸಂಜಿಕ ಸೊನ್ನದಾಗ ಬಿಟ್ರ ಮರುದಿನ ಮಧ್ಯಾಹ್ನಕ್ಕ ನಮ್ಮಲ್ಲಿ" ಎಂದರು ಅಂಬಿಗರ ಕಾಕಾ. ಇನ್ನೊಬ್ಬರು ಅಷ್ಟು ಹೊತ್ತು ಬೇಕಿಲ್ಲ ಅಂದರು. ನೆನಪು ನಾಲ್ಕು ವರ್ಷ ಹಳೆಯದು.

ಚಿಂಚೋಳಿಯ ಗೆಳತಿಗೆ ಹೊಳೆದದ್ದು ಮೊಬೈಲ್ ಫೋಟೊ. ನೀರು ಬಂದ ಎರಡು ಮೂರು ದಿನ ಊರಿನ ಹುಡುಗರೆಲ್ಲ ಫೋಟೊ, ವಿಡಿಯೊ ತೆಗೆದಿದ್ದರು. ವಾಟ್ಸಾಪಿನಲ್ಲಿ ತಿರುಗಿದ ಫೋಟೊಗೆ ತೆಗೆದ ಹೊತ್ತು ಅಳಿಸಿಹೋಗಿರುತ್ತದೆ. ತೆಗೆದವರ ಫೋನಿನಲ್ಲೇ ಉಳಿದಿದ್ದರೆ ತಾರೀಖು, ಗಂಟೆ, ನಿಮಿಷ ಎಲ್ಲ ಇರುತ್ತದೆ. ಮನೆ ಮನೆಗೆ ಹೋಗಿ ಹಳೆಯ ಫೋನ್ ಕೇಳಿದೆವು. ಒಂದು ಫೋನಿನ ಗಾಜು ಒಡೆದು ಟ್ರಂಕಿನಲ್ಲಿತ್ತು, ಜೇವರ್ಗಿಯ ರಿಪೇರಿ ಅಂಗಡಿಗೆ ಒಯ್ದು ತೆರೆಸಿದೆವು. ಅದರಲ್ಲಿ ಸೇತುವೆಯ ಫೋಟೊ ಇತ್ತು: ಕಂಬಿಯ ಮೇಲಿನ ಅಡ್ಡಪಟ್ಟಿ ಮಾತ್ರ ಕಾಣುತ್ತಿತ್ತು, ಅದರ ಮೇಲೊಂದು ಕೊಕ್ಕರೆ. ಆ ಒಂದು ಫೋಟೊ ಸಿಕ್ಕ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಅಡ್ಡಪಟ್ಟಿಯ ಎತ್ತರ ನಮ್ಮ ಬಳಿ ಇತ್ತು, ಈಗ ಗಂಟೆಯೂ ಸಿಕ್ಕಿತು. ಹೀಗೆ ಕೂಡಿಸಿದ ಫೋಟೊಗಳನ್ನು ಸೊನ್ನದ ಅಂಕಿಗಳ ಪಕ್ಕಕ್ಕೆ, ಮೇಲ್ಗಡೆ ದೇವಣಗಾಂವದಲ್ಲಿ ಕೆಳಗಡೆ ಯಾದಗಿರಿಯಲ್ಲಿ ಕೇಂದ್ರ ಜಲ ಆಯೋಗ ಅಳೆಯುವ ಮಟ್ಟಗಳ ಪಕ್ಕಕ್ಕೆ ಇಟ್ಟು ನೋಡಿದೆವು. ಕಾಕಾ ಹೇಳಿದ ಹೊತ್ತು ಬಹಳ ಮಟ್ಟಿಗೆ ಸರಿ ಇತ್ತು.

ಕೊನೆಗೆ ಆದದ್ದು ಒಂದು ಹಾಳೆ. ಎಡಕ್ಕೆ ಸೊನ್ನದಲ್ಲಿ ಬಿಟ್ಟ ನೀರು, ನಡುವೆ ಗಂಟೆ, ಬಲಕ್ಕೆ ಊರಿನ ಗುರುತುಗಳು: ಸೇತುವೆ, ಅಂಗನವಾಡಿ, ಶಾಲೆ, ಗುಡಿಯ ಮೊದಲ ಮೆಟ್ಟಿಲು. ಆ ಅಂಕಿಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವು ಆ ಒಂದು ಊರಿಗೆ ಮಾತ್ರ ಸಲ್ಲುವಂಥವು, ಪಕ್ಕದ ಊರಿನವರು ಅವನ್ನೇ ನಂಬಿದರೆ ಮೋಸವಾಗುತ್ತದೆ. ಪ್ರತಿ ಊರಿಗೂ ಅದರದ್ದೇ ಹಳ್ಳ, ಅದರದ್ದೇ ತಗ್ಗು ಇರುತ್ತದೆ. ಸೇತುವೆಯ ಪಕ್ಕದ ಕಲ್ಲಿಗೆ ಮೂರು ಪಟ್ಟಿ ಬಣ್ಣ ಹೊಡೆದೆವು. ಹಸಿರಿಗೆ ನೀರು ಬಂದರೆ ದನ ಬಿಚ್ಚಿ, ಹಳದಿಗೆ ಬಂದರೆ ಮುದುಕರು, ಬಸುರಿ ಹೆಂಗಸರು, ಮಕ್ಕಳು ಹೊರಡಲಿ, ಕೆಂಪಿಗೆ ಬಂದರೆ ದಾರಿ ಮುಗಿಯಿತು.

ದನ ಮೊದಲು ಎಂದು ಬರೆದದ್ದಕ್ಕೆ ಕಾಲೇಜಿನಲ್ಲಿ ಪ್ರಶ್ನೆ ಬಂತು. ಮನುಷ್ಯರಿಗಿಂತ ಮುಂಚೆ ದನವೇ? ಆಯಿಯ ಎಮ್ಮೆಯ ಕಥೆ ಹೇಳಿದೆ. ದನಕ್ಕೆ ಜಾಗ, ಮೇವು ಇಲ್ಲದ ಕಾಳಜಿ ಕೇಂದ್ರಕ್ಕೆ ನಮ್ಮ ಕಡೆ ರೈತರು ಹೋಗುವುದಿಲ್ಲ, ಹೋದರೂ ಗಂಡಸರು ರಾತ್ರಿ ವಾಪಸ್ ಬರುತ್ತಾರೆ. ದನ ದಿಬ್ಬಕ್ಕೆ ಹೋಯಿತೆಂದರೆ ಮನೆಯವರ ಕಾಲು ತಾನೇ ಆ ಕಡೆ ತಿರುಗುತ್ತದೆ. ಇದನ್ನು ನಾನು ಖಾತ್ರಿಯಿಂದ ಹೇಳುತ್ತೇನೆ. ಉಳಿದ ಸಂಗತಿಗಳನ್ನು ಊರಿನವರೇ ತುಂಬಿಸಿದರು. ಇನ್ಸುಲಿನ್ ತಗೊಳ್ಳುವವರು, ಹಾಸಿಗೆ ಹಿಡಿದವರು, ತಿಂಗಳು ತುಂಬಿದವರು ಯಾರೆಂದು ಊರಿನ ಆಶಾ ಕಾರ್ಯಕರ್ತೆ ಅಕ್ಕ ಬರೆಸಿದರು. ಟಿಸಿ ಮುಳುಗುವ ಮುಂಚೆ ಕರೆಂಟ್ ತೆಗೆಯುತ್ತಾರೆ, ಆಮೇಲೆ ಟವರೂ ಹೋಗುತ್ತದೆ, ಅದಕ್ಕೆ ಗುಡಿಯ ಮೈಕಿಗೂ ಮಸೀದಿಯ ಮೈಕಿಗೂ ಬ್ಯಾಟರಿ ಇರಲಿ ಎಂದವರು ಮಸೀದಿಯ ಚಾಚಾ. ಪಹಣಿ, ರೇಷನ್ ಕಾರ್ಡ್, ಪಾಸ್‌ಬುಕ್ ಒಂದೇ ಚೀಲದಲ್ಲಿ ಜಂತಿಗೆ ತೂಗುಹಾಕಿಡಿ ಎಂದು ಆಯಿ ಹೇಳಿದಳು. 2020ರಲ್ಲಿ ಅವಳ ಪಿಂಚಣಿ ಪುಸ್ತಕ ನೀರಲ್ಲಿ ಹೋಗಿತ್ತು.

ವೈವಾ, ಅಂದರೆ ಮೌಖಿಕ ಪರೀಕ್ಷೆ, ಮೇ ತಿಂಗಳಲ್ಲಿ ಮುಗಿಯಿತು. ಹೊಳೆಯ ಅಡ್ಡಕೊಯ್ತ ಅಳೆದು ಕಂಪ್ಯೂಟರ್ ಮಾದರಿ ಯಾಕೆ ಮಾಡಲಿಲ್ಲ ಎಂದು ಕೇಳಿದರು. ನಾಲ್ವರಿಂದ ಆಗುವ ಕೆಲಸ ಅದಾಗಿರಲಿಲ್ಲ, ಹಾಗೆಯೇ ಹೇಳಿದೆವು. ಅಂಕ ಸಾಧಾರಣ ಬಂತು. ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ ಪಂಚಾಯ್ತಿಯಲ್ಲಿ, ಗುಡಿಯಲ್ಲಿ, ಮಸೀದಿಯಲ್ಲಿ, ಕಿರಾಣಿ ಅಂಗಡಿಯಲ್ಲಿ ತೂಗುಹಾಕಿದೆವು. ನಾನು ಕೆಲಸಕ್ಕೆ ಪುಣೆಗೆ ಹೋದೆ.

2025ರ ಸೆಪ್ಟೆಂಬರ್ ಕೊನೆಯ ವಾರ ಭೀಮೆ ಮತ್ತೆ ಏರಿತು. ಮಹಾರಾಷ್ಟ್ರದ ಕಡೆಯಿಂದಲೂ ನೀರು, ನಮ್ಮ ಜಿಲ್ಲೆಯಲ್ಲೂ ಬಿಡದ ಮಳೆ. ನಾನು ಪುಣೆಯ ರೂಮಿನಲ್ಲಿ ಫೋನ್ ಹಿಡಿದು ಕೂತಿದ್ದೆ. ಸೊನ್ನದ ಅಂಕಿ ಬಂದಾಗ ಹಾಳೆ ನೋಡಿ ಮಾವನಿಗೆ ಹೊತ್ತು ಹೇಳಿದೆ. ಅವನು ಅಂದ: "ನೀ ಹೇಳೂದು ನಾಳಿದು. ಹಸಿರು ಈಗ್ಲೇ ಮುಳುಗ್ಯಾದ."

ನಮ್ಮ ಹಾಳೆಗಿಂತ ಮುಂಚೆ ನೀರು ಬಂದಿತ್ತು. ಹೊಳೆ ಒತ್ತುವ ಮುನ್ನವೇ ಹಳ್ಳ ತನ್ನ ಮಳೆಯಿಂದ ತುಂಬಿಕೊಂಡಿತ್ತು. 2020ರ ಫೋಟೊಗಳಿಂದ ಲೆಕ್ಕ ಹಾಕಿದ ನಾವು ಹಳ್ಳದ ಮೇಲ್ಗಡೆ ಸುರಿಯುವ ಮಳೆಯನ್ನು ಬೇರೆಯಾಗಿ ಹಿಡಿದಿರಲಿಲ್ಲ. ಅದು ನಮ್ಮ ತಪ್ಪು. ಊರು ಉಳಿದದ್ದು ಬಣ್ಣದ ಪಟ್ಟಿಯಿಂದ: ಅಂಗಡಿಯವನು ಹಾಳೆ ಬಿಟ್ಟು ಕಲ್ಲು ನೋಡಿ ಕೂಗಿದ್ದ, ಮೈಕಿನಲ್ಲಿ ಹೇಳಿಸಿದ್ದ. ಹಗಲಲ್ಲೇ ದನ ದಿಬ್ಬ ಹತ್ತಿದವು. ಆಯಿ ಎಮ್ಮೆಯ ಹಗ್ಗ ಹಿಡಿದುಕೊಂಡು ತಾನೇ ನಡೆದು ಹೋದಳಂತೆ. ಆದರೆ ಎರಡು ಟ್ರ್ಯಾಕ್ಟರ್, ಒಬ್ಬರ ಮನೆಯ ಇಡೀ ವರ್ಷದ ಜೋಳ ಸೇತುವೆಯ ಈಚೆಯೇ ಉಳಿದವು. ಹಾಳೆಯಲ್ಲಿದ್ದ ಹೊತ್ತು ನಂಬಿ ಅವರು ಸಂಜೆವರೆಗೆ ತಡೆದಿದ್ದರು. ಆ ಜೋಳದ ಮಾತು ನೆನಪಾದಾಗ ನನಗೆ ಈಗಲೂ ಸಂಕಟವಾಗುತ್ತದೆ.

ನವೆಂಬರಿನಲ್ಲಿ ರಜೆ ಹಾಕಿ ಬಂದೆ. ಸೇಡಂ ಹುಡುಗನೂ ಬಂದ. ಮೊದಲು ಆ ಜೋಳ ಕಳೆದುಕೊಂಡವರ ಮನೆಗೆ ಹೋಗಿ ಕೂತೆವು. ನಮ್ಮ ಲೆಕ್ಕ ತಪ್ಪಿತು ಕಾಕಾ ಎಂದೆ. ಅವರು ಚಹಾ ಕೊಟ್ಟರು, ಜೋಳದ ಮಾತೇ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಹಳ್ಳದ ಮ್ಯಾಲಿನ ಊರಾಗ ಮಳಿ ಆದ್ರ ನಮಗ್ಯಾರ್ ಹೇಳ್ತಾರ?"

ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕ ಇರುತ್ತದೆ, ಅದರ ಅಂಕಿ ಬೆಂಗಳೂರಿಗೆ ತಾನೇ ಹೋಗುತ್ತದೆ. ಅದನ್ನು ನೋಡುವುದು ಹೇಗೆಂದು ಅವರ ಮಗನ ಫೋನಿನಲ್ಲಿ ತೋರಿಸಿದೆ. ಆಮೇಲೆ ಇಬ್ಬರೂ ಗಾಡಿ ತಗೊಂಡು ಹಳ್ಳದ ಗುಂಟ ಮೇಲ್ಗಡೆ ಹೋದೆವು. ಐದಾರು ಕಿಲೋಮೀಟರ್ ಮೇಲೆ ಒಂದು ಊರು, ಅಲ್ಲಿ ಹಳ್ಳಕ್ಕೆ ಆತುಕೊಂಡೇ ಕಿರಾಣಿ ಅಂಗಡಿ. ಹಳ್ಳ ಏರಿದರೆ ನಮ್ಮೂರಿಗೆ ಒಂದು ಫೋನ್ ಹಚ್ಚಬೇಕು ಎಂದು ಅಂಗಡಿಯ ಅಕ್ಕನಿಗೆ ಹೇಳಿದೆವು. "ಇಷ್ಟೇ ಹೌದಿಲ್ಲೋ? ರಾತ್ರಿ ಆದ್ರೂ ಹಚ್ತೀನಿ ಫೋನು" ಅಂದಳು. ಅವಳ ಅಂಗಡಿ ಕಟ್ಟೆಯ ಪಕ್ಕದ ಕಲ್ಲಿಗೂ ಒಂದು ಪಟ್ಟಿ ಹೊಡೆದೆವು. ಸ್ಟಾಫ್ ಹಿಡಿದವನು ಅದೇ ಹುಡುಗ, ಈಗ ಎಂಟನೇ ಕ್ಲಾಸು. ಹೇಳಿಕೊಡಬೇಕಾಗಲಿಲ್ಲ, ತೂಗತೊಡಗಿದ.

ಹೊಸ ಹಾಳೆಯ ಮೊದಲ ಸಾಲಿನಲ್ಲಿ ಈಗ ಆ ಅಕ್ಕನ ನಂಬರ್ ಇದೆ, ಸೊನ್ನ ಎರಡನೇ ಸಾಲಿಗೆ ಇಳಿದಿದೆ.